57ರ ಬ್ಯಾಂಡ್ ಪಿಡಿಐಯದ್ದೇ ಎಂದು ಮೊದಲು ಖಾತ್ರಿಯಾಗಲಿ

ಮಾನ್ಯ ಸಂಪಾದಕರೇ,

ಮಂಗಳೂರು, ಕೊಣಾಜೆ, ದೇರಳಕಟ್ಟೆ, ಮಣಿಪಾಲಗಳ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿ ಎಂಎಸ್‌ಸಿ ಪ್ರಾಜೆಕ್ಟಿನಿಂದ ಪಿಎಚ್‌ಡಿವರೆಗೆ ವೆಸ್ಟರ್ನ್ ಬ್ಲಾಟ್ ದಿನನಿತ್ಯದ ಕೆಲಸ: ಮಾದರಿಯ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಹಾಳೆಗೆ ವರ್ಗಾಯಿಸಿ, ಬೇಕಾದ ಪ್ರೋಟೀನಿಗೆ ಅಂಟುವ ಆಂಟಿಬಾಡಿಯಿಂದ ಅದನ್ನು ಗುರುತಿಸುವುದು. ಪ್ರಬಂಧದಲ್ಲಿ ಅಚ್ಚಾಗುವ ಒಂದು ಕಪ್ಪು ಪಟ್ಟೆ (ಬ್ಯಾಂಡ್), ಅದರ ಪಕ್ಕದಲ್ಲಿ ಒಂದು ಪ್ರೋಟೀನಿನ ಹೆಸರು. ಆ ಹೆಸರಿಗೆ ಆಧಾರ ಏನು ಎಂದು ಕೇಳಿದರೆ ಬಹುಪಾಲು ಸಿಗುವ ಉತ್ತರ: ಆಂಟಿಬಾಡಿಯ ಡಬ್ಬಿಯ ಜೊತೆ ಬಂದ ಮಾಹಿತಿಪತ್ರ. ಈ ಆಧಾರ ಸಾಲದು. ಹೊಸ ಆಂಟಿಬಾಡಿಯ ಸೀಸೆಯನ್ನು ಅದೇ ಪ್ರಯೋಗಾಲಯದಲ್ಲಿ, ಅದೇ ಮಾದರಿಗಳ ಮೇಲೆ ಪರೀಕ್ಷಿಸಿದ ದಾಖಲೆ ಇಲ್ಲದೆ ಯಾವ ಪ್ರಬಂಧವನ್ನೂ ಒಪ್ಪಬಾರದು ಎಂಬುದು ನಮ್ಮ ಒತ್ತಾಯ. ಬರೀ ಒತ್ತಾಯಿಸಿ ಬಿಟ್ಟರೆ ಪ್ರಯೋಜನವಿಲ್ಲವಾದ್ದರಿಂದ ಒಂದೇ ಒಂದು ಪ್ರೋಟೀನನ್ನು ಹಿಡಿದು ಎಲ್ಲೆಲ್ಲಿ ಎಡವುತ್ತದೆ, ಹೇಗೆ ಸರಿಪಡಿಸಬಹುದು ಎಂದು ವಿವರವಾಗಿ ಬರೆಯುತ್ತಿದ್ದೇವೆ.

ಆ ಪ್ರೋಟೀನ್ ಪ್ರೋಟೀನ್ ಡೈಸಲ್ಫೈಡ್ ಐಸೊಮರೇಸ್, ಚಿಕ್ಕದಾಗಿ ಪಿಡಿಐ. ಸಕ್ಕರೆ ಕಾಯಿಲೆ, ಯಕೃತ್ತಿನ ಕಾಯಿಲೆ, ಕ್ಯಾನ್ಸರ್ ಕೋಶಗಳ ಮೇಲೆ ಔಷಧದ ಪರಿಣಾಮ ಎಂದು ಯಾವ ವಿಷಯ ಎತ್ತಿಕೊಂಡರೂ ಒಂದಲ್ಲ ಒಂದು ಹಂತದಲ್ಲಿ ಎದುರಾಗುವ ಕಿಣ್ವ ಇದು. ಜೀವಕೋಶದ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದ ಒಳಗೆ ಇದರ ವಾಸ. ಹೊಸದಾಗಿ ತಯಾರಾದ ಪ್ರೋಟೀನಿನ ಸರಪಳಿ ಸರಿಯಾಗಿ ಮಡಚಿಕೊಳ್ಳಬೇಕಾದರೆ ಸಿಸ್ಟೀನ್ ಎಂಬ ಅಮೈನೊ ಆಮ್ಲಗಳ ನಡುವೆ ಗಂಧಕದ ಬಂಧಗಳು ಸರಿಯಾದ ಜೋಡಿಯಲ್ಲೇ ಬೀಳಬೇಕು. ತಪ್ಪಾದವನ್ನು ಬಿಡಿಸಿ ಸರಿಯಾದವನ್ನು ಹಾಕುವುದು ಪಿಡಿಐ ಕೆಲಸ. ಇಂಥ ಕಿಣ್ವ ಇದೆ ಎಂದು ಮೊದಲು ತೋರಿಸಿಕೊಟ್ಟದ್ದು 1963ರಲ್ಲಿ, ಇಲಿಯ ಯಕೃತ್ತಿನ ಸಾರದಿಂದ ಬಿಚ್ಚಿಕೊಂಡಿದ್ದ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ ಬೇಗ ಚೇತರಿಸಿಕೊಳ್ಳುವುದನ್ನು ಗಮನಿಸಿದ ಅನ್ಫಿನ್ಸೆನ್ ಮತ್ತು ಸಂಗಡಿಗರು. ಪ್ರೋಟೀನಿನ ಮಡಚುವಿಕೆಯ ಅಧ್ಯಯನಕ್ಕೆ ಅನ್ಫಿನ್ಸೆನ್‌ಗೆ 1972ರಲ್ಲಿ ನೊಬೆಲ್ ಬಂತು. ಇನ್ನೊಂದು ಸ್ವಾರಸ್ಯ: ನಮ್ಮ ದೇಹದಲ್ಲಿ ಆಂಟಿಬಾಡಿಯ ಸರಪಳಿಗಳು ಗಂಧಕದ ಬಂಧದಿಂದ ಜೋಡಣೆಯಾಗುವಾಗಲೂ ಇದೇ ಕಿಣ್ವದ ಕೈ ಇರುತ್ತದೆ. ಪಿಡಿಐಯನ್ನು ಹುಡುಕಲು ನಾವು ಬಳಸುವ ಆಂಟಿಬಾಡಿಯೂ ಹುಟ್ಟುವಾಗ ಪಿಡಿಐ ಸಹಾಯ ಪಡೆದೇ ಬಂದಿರುತ್ತದೆ.

ತೊಡಕು ಆರಂಭವಾಗುವುದು ಕ್ಯಾಟಲಾಗ್ ತೆರೆಯುವಾಗಲೇ. ಈ ಕಿಣ್ವದ ವಂಶವಾಹಿಗೆ ಪಿ4ಎಚ್‌ಬಿ ಎಂಬ ಹೆಸರು. ಕೊಲಾಜನ್ ತಯಾರಿಯಲ್ಲಿ ಬೇಕಾಗುವ, ವಿಟಮಿನ್ ಸಿ ಇಲ್ಲದೆ ನಡೆಯದ ಪ್ರೋಲೈಲ್ ಹೈಡ್ರಾಕ್ಸಿಲೇಸ್ ಎಂಬ ಇನ್ನೊಂದು ಕಿಣ್ವದ ಬೀಟಾ ಭಾಗವೂ ಪಿಡಿಐಯೂ ಒಂದೇ ಎಂದು 1987ರಲ್ಲಿ ಗೊತ್ತಾದ್ದರಿಂದ ಬಂದ ಹೆಸರದು. ಪಿಡಿಐಎ1 ಎಂದೂ ಕರೆಯುತ್ತಾರೆ. ಪಿಡಿಐ ಕುಟುಂಬದಲ್ಲಿ ಸುಮಾರು ಇಪ್ಪತ್ತು ಸದಸ್ಯರಿದ್ದಾರೆ. ಪಿಡಿಐಎ3, ಪಿಡಿಐಎ4, ಪಿಡಿಐಎ6 ಎಲ್ಲವೂ ಬೇರೆ ಬೇರೆ ಪ್ರೋಟೀನುಗಳು. ಆರ್ಡರ್ ಬರೆಯುವಾಗ ಬರೀ ‘ಪಿಡಿಐ ಆಂಟಿಬಾಡಿ’ ಎಂದರೆ ಸರಬರಾಜುದಾರರಿಂದ ಯಾವುದು ಬೇಕಾದರೂ ಬಂದೀತು. ಮಾನವ ಪಿಡಿಐಗೆ ಯುನಿಪ್ರಾಟ್ ಎಂಬ ಪ್ರೋಟೀನ್ ಮಾಹಿತಿ ಸಂಗ್ರಹದಲ್ಲಿ ಪಿ07237 ಎಂಬ ಸಂಖ್ಯೆ ಇದೆ. ಆ ಸಂಖ್ಯೆ ಮಾಹಿತಿಪತ್ರದಲ್ಲಿ ಇದೆಯೇ ಎಂದು ನೋಡಿಯೇ ಖರೀದಿ ಫಾರ್ಮಿಗೆ ಸಹಿ ಹಾಕಬೇಕು.

ಈಗ ಮುಖ್ಯ ವಿಷಯ. ಪಿಡಿಐ ಜೆಲ್‌ನಲ್ಲಿ ಕಾಣಿಸಿಕೊಳ್ಳುವುದು ಸುಮಾರು 57 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಜಾಗದಲ್ಲಿ. ಅದೇ ಕುಟುಂಬದ ಇಆರ್‌ಪಿ57, ಅಂದರೆ ಪಿಡಿಐಎ3, ಹೆಸರೇ ಹೇಳುವಂತೆ ಅದೇ ಜಾಗದಲ್ಲಿ ಓಡುತ್ತದೆ. ಮಾನವ ಪಿಡಿಐ 508 ಅಮೈನೊ ಆಮ್ಲಗಳದ್ದು, ಇಆರ್‌ಪಿ57 505ರದ್ದು. ಎರಡರ ಸಕ್ರಿಯ ತಾಣದಲ್ಲೂ ಸಿಸ್ಟೀನ್, ಗ್ಲೈಸೀನ್, ಹಿಸ್ಟಿಡೀನ್, ಸಿಸ್ಟೀನ್ ಎಂಬ ಅದೇ ಸಾಲು, ಆ ಸಾಲಿನ ಆಚೀಚೆಯೂ ಹೆಚ್ಚು ವ್ಯತ್ಯಾಸವಿಲ್ಲ. ಆಂಟಿಬಾಡಿ ತಯಾರಿಸಲು ಪ್ರಾಣಿಗೆ ಚುಚ್ಚಿದ ತುಣುಕು ಈ ಭಾಗದಿಂದ ಆಯ್ದದ್ದಾಗಿದ್ದರೆ ಅದು ಎರಡನ್ನೂ ಹಿಡಿಯುವ ಸಾಧ್ಯತೆ ಹೆಚ್ಚು. ಬ್ಲಾಟ್ ನೋಡಿದರೆ 57ರಲ್ಲಿ ಒಂದೇ ಒಂದು ಚೊಕ್ಕ ಬ್ಯಾಂಡ್. ಒಂದೇ ಬ್ಯಾಂಡ್ ಬಂತು, ಆದ್ದರಿಂದ ಆಂಟಿಬಾಡಿ ನಿರ್ದಿಷ್ಟ ಎಂಬ ವಾದ ಈ ಪ್ರೋಟೀನಿನ ವಿಷಯದಲ್ಲಿ ನಿಲ್ಲುವುದೇ ಇಲ್ಲ.

ಬಾಲದ ಕಡೆಯದ್ದೂ ಇಂಥದೇ ಕತೆ. ಪಿಡಿಐ ಕೊನೆಯ ನಾಲ್ಕು ಅಮೈನೊ ಆಮ್ಲಗಳು ಕೆಡಿಇಎಲ್, ರೆಟಿಕ್ಯುಲಮ್‌ನಿಂದ ಹೊರಹೋಗದಂತೆ ಹಿಡಿದಿಡುವ ಗುರುತು. 78 ಕಿಲೋಡಾಲ್ಟನ್‌ನ ಜಿಆರ್‌ಪಿ78, 94ರ ಜಿಆರ್‌ಪಿ94 ಇವುಗಳ ಬಾಲವೂ ಅದೇ. ಬಾಲದ ತುಣುಕಿನಿಂದ ತಯಾರಿಸಿದ ಆಂಟಿಬಾಡಿ ಈ ಮೂರನ್ನೂ ತೋರಿಸಬಹುದು. ಇಲ್ಲಿ ಸಮಾಧಾನ ಏನೆಂದರೆ ಅವು ದೂರ ದೂರ ಬೀಳುವುದರಿಂದ ಕಣ್ಣಿಗೆ ಕಾಣುತ್ತವೆ, ಬ್ಲಾಟನ್ನು 50ರಿಂದ 65ರ ನಡುವೆ ಕತ್ತರಿಸಿ ಪ್ರಬಂಧಕ್ಕೆ ಅಂಟಿಸದೆ ಇದ್ದರೆ. ಬ್ಲಾಟಿನ ಚಿತ್ರವನ್ನು ಪೂರ್ತಿಯಾಗಿ, ಮಾರ್ಕರ್ (ತೂಕ ಗೊತ್ತಿರುವ ಪ್ರೋಟೀನುಗಳ ಸಾಲು) ಸಮೇತ ಅನುಬಂಧದಲ್ಲಿ ಕೊಡಲೇಬೇಕು ಎಂದು ನಾವು ಹೇಳುವುದು ಇದೇ ಕಾರಣಕ್ಕೆ.

ಮೂರನೆಯ ಬಲೆ ಪ್ರಾಣಿಗಳ ಅಂಗಾಂಶದ ಕೆಲಸ ಮಾಡುವವರಿಗೆ. ಇಲಿ, ಸುಂಡಿಲಿಗಳ ಯಕೃತ್ತನ್ನು ರಕ್ತ ತೊಳೆಯದೆ ಅರೆದರೆ ಅದರೊಳಗೆ ಆ ಪ್ರಾಣಿಯದ್ದೇ ಆಂಟಿಬಾಡಿ ಇರುತ್ತದೆ. ಕುದಿಸಿ ಬಂಧ ಬಿಡಿಸಿದಾಗ ಅದರ ದೊಡ್ಡ ಸರಪಳಿ 50ರಿಂದ 55 ಕಿಲೋಡಾಲ್ಟನ್‌ನಲ್ಲಿ, ಚಿಕ್ಕದು 25ರಲ್ಲಿ ಬೀಳುತ್ತದೆ. ಸುಂಡಿಲಿಯ ಮಾದರಿಗೆ ಸುಂಡಿಲಿಯ ಮೋನೊಕ್ಲೋನಲ್ ಆಂಟಿಬಾಡಿಯನ್ನು ಪ್ರೈಮರಿಯಾಗಿ (ಪಿಡಿಐ ಹಿಡಿಯುವ ಮೊದಲ ಆಂಟಿಬಾಡಿಯಾಗಿ) ಬಳಸಿದರೆ, ಪ್ರೈಮರಿಗೆ ಅಂಟಿ ಸಂಕೇತ ಕೊಡುವ ಸೆಕೆಂಡರಿ ಆಂಟಿಬಾಡಿ ಈ ದೊಡ್ಡ ಸರಪಳಿಯನ್ನೂ ಹಿಡಿದು 57ರ ಬುಡದಲ್ಲೇ ಒಂದು ಬ್ಯಾಂಡ್ ಕೊಡುತ್ತದೆ. ಇಲ್ಲಿ ಹೆಚ್ಚಾಗಿ ಬಳಸುವ ವಿಸ್ಟರ್ ಇಲಿಗಳ ಮಾದರಿಯಲ್ಲೂ ಅಪಾಯ ಕಡಿಮೆಯಲ್ಲ, ಏಕೆಂದರೆ ಸುಂಡಿಲಿ ವಿರುದ್ಧದ ಸೆಕೆಂಡರಿ ಇಲಿಯ ಆಂಟಿಬಾಡಿಯನ್ನೂ ಸುಲಭವಾಗಿ ಹಿಡಿಯುತ್ತದೆ. ಪರಿಹಾರ ಕಷ್ಟದ್ದಲ್ಲ. ಅಂಗ ತೆಗೆಯುವ ಮೊದಲು ತಣ್ಣಗಿನ ಪಿಬಿಎಸ್ (ಉಪ್ಪಿನ ಬಫರ್) ಹರಿಸಿ ಯಕೃತ್ತು ಬಿಳಿಚುವವರೆಗೆ ರಕ್ತ ತೊಳೆಯಬೇಕು. ಸಾಧ್ಯವಾದರೆ ಮೊಲದ ಪ್ರೈಮರಿ ಬಳಸಬೇಕು. ಇಲ್ಲವಾದರೆ ಚಿಕ್ಕ ಸರಪಳಿಯನ್ನು ಮಾತ್ರ ಹಿಡಿಯುವ, ಅಥವಾ ಇಲಿಯ ಸೀರಂ ವಿರುದ್ಧ ಶುದ್ಧಗೊಳಿಸಿದ ಸೆಕೆಂಡರಿ ಬಳಸಬೇಕು. ಏನೇ ಮಾಡಿದರೂ ಪ್ರೈಮರಿ ಹಾಕದೆ ಸೆಕೆಂಡರಿ ಮಾತ್ರ ಹಾಕಿದ ಒಂದು ಪಟ್ಟಿಯನ್ನು ಜೊತೆಗೇ ಓಡಿಸಬೇಕು. ಆ ಪಟ್ಟಿಯಲ್ಲಿ 55ರ ಹತ್ತಿರ ಏನಾದರೂ ಕಂಡರೆ ಮುಂದಿನ ಅಳತೆಗೆಲ್ಲ ಅರ್ಥವಿಲ್ಲ.

ಹಾಗಾದರೆ ಪಿಡಿಐ ಹೌದೋ ಅಲ್ಲವೋ ಎಂದು ತಿಳಿಯುವ ಬಗೆ? ಅತ್ಯಂತ ಅಗ್ಗದ, ಒಂದು ವಾರದೊಳಗೆ ಮುಗಿಯುವ ಪರೀಕ್ಷೆ ಇದು. ಶುದ್ಧೀಕರಿಸಿದ ಪಿಡಿಐ ಮತ್ತು ಶುದ್ಧೀಕರಿಸಿದ ಇಆರ್‌ಪಿ57 ತಂದು ಜೆಲ್‌ನ ಪಕ್ಕಪಕ್ಕದ ಲೇನ್‌ಗಳಲ್ಲಿ (ಸಾಲುಗಳಲ್ಲಿ) ತಲಾ 20 ನ್ಯಾನೋಗ್ರಾಂ ಹಾಕಿ. ಮೂರನೆಯ ಲೇನ್‌ನಲ್ಲಿ ಹೆಪ್‌ಜಿ2 ಎಂಬ ಮಾನವ ಯಕೃತ್ತಿನ ಕ್ಯಾನ್ಸರ್ ಕೋಶಗಳ ಲೈಸೇಟ್ (ಕೋಶ ಒಡೆದು ತೆಗೆದ ಸಾರ) 10 ಮೈಕ್ರೋಗ್ರಾಂ. ನಾಲ್ಕನೆಯದರಲ್ಲಿ ಎಸ್‌ಐಆರ್‌ಎನ್‌ಎ (ಆಯ್ದ ವಂಶವಾಹಿಯ ಕೆಲಸ ತಡೆಯುವ ಚಿಕ್ಕ ಆರ್‌ಎನ್‌ಎ) ಬಳಸಿ ಪಿ4ಎಚ್‌ಬಿ ಅಡಗಿಸಿದ ಅದೇ ಕೋಶಗಳ ಲೈಸೇಟ್, ಅಷ್ಟೇ ಪ್ರಮಾಣ. ಒಳ್ಳೆಯ ಆಂಟಿಬಾಡಿಯಾದರೆ ಮೊದಲ ಲೇನ್ ಹೊಳೆಯಬೇಕು, ಎರಡನೆಯದು ಖಾಲಿ ಇರಬೇಕು, ಮೂರನೆಯದರಲ್ಲಿ 57ರ ಬ್ಯಾಂಡ್ ಇರಬೇಕು, ನಾಲ್ಕನೆಯದರಲ್ಲಿ ಅದು ಕುಗ್ಗಿರಬೇಕು. ಶುದ್ಧ ಪ್ರೋಟೀನಿಗೆ ಶುದ್ಧೀಕರಣದ ಅನುಕೂಲಕ್ಕೆ ಹಿಸ್ಟಿಡೀನ್ ಬಾಲ ಅಂಟಿಸಿದ್ದರೆ ಅದು ಕೋಶದ ಪಿಡಿಐಗಿಂತ ತುಸು ಮೇಲೆ ನಿಲ್ಲುತ್ತದೆ, ಗಾಬರಿ ಬೇಡ. ಎರಡನೆಯ ಲೇನ್ ಖಾಲಿ ಬಂದದ್ದು ಆಂಟಿಬಾಡಿಯ ಒಳ್ಳೆಯತನದಿಂದಲೋ, ಇಆರ್‌ಪಿ57 ಹಾಕಿದ್ದೇ ಕಡಿಮೆಯಾಯಿತೋ ಎಂಬ ಅನುಮಾನ ಉಳಿಯಬಾರದು. 20 ನ್ಯಾನೋಗ್ರಾಂ, ಹಾಳೆಯ ಮೇಲಿನ ಪ್ರೋಟೀನನ್ನೆಲ್ಲ ತೋರಿಸುವ ಪೊನ್ಸೋ ಬಣ್ಣಕ್ಕೆ ಕಾಣುವಷ್ಟಲ್ಲ. ಹಿಸ್ಟಿಡೀನ್ ಬಾಲದ ವಿರುದ್ಧದ ಆಂಟಿಬಾಡಿಯಿಂದ ಎರಡೂ ಲೇನ್ ಸಮನಾಗಿವೆ ಎಂದು ತೋರಿಸಿ, ಅಥವಾ ಇನ್ನೊಂದು ಜೆಲ್‌ನಲ್ಲಿ ತಲಾ 500 ನ್ಯಾನೋಗ್ರಾಂ ಹಾಕಿ ಕೂಮಾಸಿ ಬಣ್ಣ ಹಿಡಿಸಿ.

ಎಸ್‌ಐಆರ್‌ಎನ್‌ಎ ವಿಷಯದಲ್ಲಿ ಅವಸರ ಸಲ್ಲದು. ಪಿಡಿಐ ದೀರ್ಘಾಯುಷಿ ಪ್ರೋಟೀನ್. ಆರ್‌ಎನ್‌ಎ ಮಟ್ಟ 24 ಗಂಟೆಯಲ್ಲಿ ಬಿದ್ದರೂ ಮೊದಲೇ ತಯಾರಾದ ಪ್ರೋಟೀನ್ ಹಾಗೇ ಉಳಿದಿರುತ್ತದೆ. 72 ಗಂಟೆಗೆ ಮೊದಲು ಲೈಸೇಟ್ ತೆಗೆದು ಬ್ಯಾಂಡ್ ಕುಗ್ಗಲಿಲ್ಲ, ಆಂಟಿಬಾಡಿ ಕೆಟ್ಟದ್ದು ಎಂದು ಎಸೆದುಬಿಟ್ಟರೆ ಒಳ್ಳೆಯ ಆಂಟಿಬಾಡಿಗೆ ಅನ್ಯಾಯ. ಗುರಿಯಿಲ್ಲದ ಎಸ್‌ಐಆರ್‌ಎನ್‌ಎ ಹಾಕಿದ ಕೋಶಗಳನ್ನೂ ಅಷ್ಟೇ ಹೊತ್ತು ಬೆಳೆಸಿ ಹೋಲಿಸಬೇಕು. ಇದರ ಬದಲಿಗೆ ಕೆಲವರು ಪೆಪ್ಟೈಡ್ ತಡೆ ಪರೀಕ್ಷೆ ಮಾಡುತ್ತಾರೆ: ಆಂಟಿಬಾಡಿಯನ್ನು ಅದರ ಮೂಲ ತುಣುಕಿನೊಡನೆ ಬೆರೆಸಿಟ್ಟು ಬ್ಯಾಂಡ್ ಮಾಯವಾಯಿತು ಎಂದು ತೋರಿಸುವುದು. ಅದರಿಂದ ತಿಳಿಯುವುದು ಆಂಟಿಬಾಡಿ ಆ ತುಣುಕಿಗೆ ಅಂಟುತ್ತದೆ ಎಂದಷ್ಟೆ. ಇಆರ್‌ಪಿ57ನಿಂದ ಬಂದ ಬ್ಯಾಂಡೂ ಅದೇ ಪರೀಕ್ಷೆಯಲ್ಲಿ ಅಷ್ಟೇ ಚೊಕ್ಕವಾಗಿ ಮಾಯವಾಗುತ್ತದೆ.

ಇದು ನಮ್ಮ ಜಿಲ್ಲೆಗಳ ಸಮಸ್ಯೆ ಮಾತ್ರ ಎಂದು ಯಾರೂ ತಿಳಿಯಬೇಕಾಗಿಲ್ಲ. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಆಂಟಿಬಾಡಿಯನ್ನು ಖಾತ್ರಿಪಡಿಸಲು ಐದು ದಾರಿಗಳನ್ನು ಸೂಚಿಸಿತು. ವಂಶವಾಹಿ ಅಡಗಿಸಿ ನೋಡುವುದು ಅವುಗಳಲ್ಲಿ ಮೊದಲನೆಯದು. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 65 ಪ್ರೋಟೀನುಗಳ ವಿರುದ್ಧ ಮಾರುಕಟ್ಟೆಯಲ್ಲಿರುವ 614 ಆಂಟಿಬಾಡಿಗಳನ್ನು, ಆಯಾ ವಂಶವಾಹಿ ತೆಗೆದುಹಾಕಿದ ಕೋಶಗಳ ಜೊತೆ ಹೋಲಿಸಿ ಪರೀಕ್ಷಿಸಿದರು. ಬಳಕೆಯ ವಿಧಾನವನ್ನು ಅವಲಂಬಿಸಿ ಶೇ. 50ರಿಂದ 75ರಷ್ಟು ಪ್ರೋಟೀನುಗಳಿಗೆ ಮಾತ್ರ ಕನಿಷ್ಠ ಒಂದು ಒಳ್ಳೆಯ ಆಂಟಿಬಾಡಿ ಸಿಕ್ಕಿತು. ಗೊತ್ತಾದ ವಂಶವಾಹಿಯಿಂದ ಕೋಶಗಳಲ್ಲಿ ತಯಾರಿಸುವ ರಿಕಾಂಬಿನೆಂಟ್ ಆಂಟಿಬಾಡಿಗಳು ಸರಾಸರಿಯಲ್ಲಿ ಉಳಿದವಕ್ಕಿಂತ ಮೇಲು ಎಂದೂ ಕಂಡಿತು. ಖರೀದಿ ಸಮಿತಿಗಳು ಕಡಿಮೆ ಬೆಲೆಯ ಕೊಟೇಶನ್ ಆಯ್ದುಕೊಳ್ಳುವಾಗ ಈ ಮಾತು ನೆನಪಿರಲಿ. ಮೊಲದ ಪಾಲಿಕ್ಲೋನಲ್ ಅಗ್ಗ, ಆದರೆ ಆ ಮೊಲ ಸತ್ತ ಮೇಲೆ ಬರುವ ಮುಂದಿನ ಲಾಟ್ (ಒಮ್ಮೆಗೆ ತಯಾರಾದ ಸರಕು) ಬೇರೆಯದೇ ಆಂಟಿಬಾಡಿ. ಲಾಟ್ ಬದಲಾದಾಗಲೆಲ್ಲ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.

ಮಾದರಿ ತಯಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಶ ಒಡೆಯುವ ರಿಪಾ ಬಫರ್‌ಗೆ, ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ನಿಲ್ಲಿಸುವ ಪ್ರೋಟಿಯೇಸ್ ತಡೆಗಳನ್ನು ಬಳಸುವ ಹೊತ್ತಿಗೇ ಸೇರಿಸಿ, ಐಸ್ ಮೇಲೆ 30 ನಿಮಿಷ, ಆಮೇಲೆ 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿದರೆ ಸಾಕು. ಅಂಥ ತಡೆಗಳಲ್ಲೊಂದಾದ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಹಾಳಾಗುತ್ತದೆ, ಬಫರ್‌ನಲ್ಲಿ ಬೆರೆಸಿ ಫ್ರಿಜ್‌ನಲ್ಲಿ ವಾರಗಟ್ಟಲೆ ಇಟ್ಟದ್ದು ಇದ್ದೂ ಇಲ್ಲದಂತೆ. ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳೆಯುವುದಾದರೆ ಗಂಧಕದ ಬಂಧ ಬಿಡಿಸುವ ಡಿಟಿಟಿ ಸೇರಿಸುವ ಮೊದಲೇ ಅಳೆಯಬೇಕು.

ಎಷ್ಟು ಹಾಕಬೇಕು ಎಂಬಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಬಹುತೇಕ ಕಡೆ ಯಾವ ಪ್ರೋಟೀನಾದರೂ ಲೇನಿಗೆ 30ರಿಂದ 50 ಮೈಕ್ರೋಗ್ರಾಂ ಹಾಕುವ ರೂಢಿ. ಪಿಡಿಐ ಕೋಶದಲ್ಲಿ ಧಾರಾಳವಾಗಿರುವ ಪ್ರೋಟೀನ್. ಯಕೃತ್ತಿನ ಒಟ್ಟು ಪ್ರೋಟೀನಿನಲ್ಲಿ ಸುಮಾರು ಶೇ. 0.8ರಷ್ಟು ಅದೇ ಇದೆ. ಅಂದರೆ 10 ಮೈಕ್ರೋಗ್ರಾಂ ಲೈಸೇಟ್‌ನಲ್ಲಿ 80 ನ್ಯಾನೋಗ್ರಾಂ ಪಿಡಿಐ. 50 ಮೈಕ್ರೋಗ್ರಾಂ ಹಾಕಿದರೆ ಬ್ಯಾಂಡಿಗೆ ಬೆಳಕು ಕೊಡುವ ಇಸಿಎಲ್ ದ್ರಾವಣ ಆ ಜಾಗದಲ್ಲಿ ಕ್ಷಣದಲ್ಲಿ ಮುಗಿದುಹೋಗಿ ಬ್ಯಾಂಡಿನ ನಡುವೆ ಬಿಳಿ ತೂತು ಬೀಳುತ್ತದೆ, ಅಂಚು ಮಾತ್ರ ಕಪ್ಪು. ಅಷ್ಟು ಕೆಡದಿದ್ದರೂ ಸಂಕೇತ ತುದಿ ಮುಟ್ಟಿರುತ್ತದೆ. ಔಷಧ ಕೊಟ್ಟ ಮಾದರಿಯಲ್ಲಿ ಪಿಡಿಐ ಎರಡು ಪಟ್ಟು ಹೆಚ್ಚಿದ್ದರೂ ಬ್ಲಾಟ್‌ನಲ್ಲಿ ಸಮನಾಗಿ ಕಾಣುತ್ತದೆ. 2, 5, 10, 20 ಮೈಕ್ರೋಗ್ರಾಂ ಎಂದು ಒಂದೇ ಲೈಸೇಟನ್ನು ಮೆಟ್ಟಿಲು ಮೆಟ್ಟಿಲಾಗಿ ಹಾಕಿ, ಎಲ್ಲಿಯವರೆಗೆ ಸಂಕೇತ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ ಎಂದು ನೋಡಿ, ಆ ಮಿತಿಯೊಳಗೇ ಕೆಲಸ ಮಾಡಬೇಕು. ನಮ್ಮ ಅಭಿಪ್ರಾಯದಲ್ಲಿ ಪಿಡಿಐ ಬ್ಲಾಟುಗಳಲ್ಲಿ ಅತಿ ಹೆಚ್ಚು ಕೆಡುವ ಹಂತ ಇದೇ.

ಇನ್ನು ಬ್ಲಾಟ್. ಶೇ. 10ರ ಜೆಲ್ ಸಾಕು. 100 ವೋಲ್ಟ್‌ನಲ್ಲಿ ಐಸ್ ಇಟ್ಟು ಒಂದು ಗಂಟೆಯ ವರ್ಗಾವಣೆ, ಪಿವಿಡಿಎಫ್ ಹಾಳೆಯಾದರೆ ಮೊದಲು ಮೆಥನಾಲ್‌ನಲ್ಲಿ ಅದ್ದಲು ಮರೆಯಬಾರದು. ಪೊನ್ಸೋ ಬಣ್ಣ ಹಿಡಿಸಿ ಫೋಟೊ ತೆಗೆದಿಟ್ಟುಕೊಂಡರೆ ಲೇನ್‌ಗಳು ಸಮನಾಗಿದ್ದವು ಎಂಬುದಕ್ಕೆ ಅದೇ ಸಾಕ್ಷಿ. ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ಗೂ ಸಮನಾಗಿ ಹಾಕಿದೆ ಎಂದು ತೋರಿಸುವ ಪ್ರೋಟೀನ್) ಆಗಿ ಟ್ಯೂಬುಲಿನ್ ಆಯ್ದುಕೊಳ್ಳಬಾರದು. ಅದು 50ರಿಂದ 55ರಲ್ಲಿ ಬಿದ್ದು ಪಿಡಿಐಗೆ ಅಂಟಿಕೊಳ್ಳುತ್ತದೆ. 37ರ ಜಿಎಪಿಡಿಎಚ್ ಅಥವಾ 42ರ ಆಕ್ಟಿನ್ ಆದರೆ ಹಾಳೆಯನ್ನು 48ರ ಆಸುಪಾಸಿನಲ್ಲಿ ಅಡ್ಡ ಕತ್ತರಿಸಿ ಮೇಲ್ಭಾಗ ಪಿಡಿಐಗೆ, ಕೆಳಭಾಗ ಕಂಟ್ರೋಲ್‌ಗೆ ಬಳಸಬಹುದು. ಆಂಟಿಬಾಡಿ ಕಿತ್ತು ಮತ್ತೆ ಹಾಕುವ ರಗಳೆ ಇಲ್ಲ. ಆದರೆ ಕತ್ತರಿಸುವುದು ಆಂಟಿಬಾಡಿ ಖಾತ್ರಿಯಾದ ಮೇಲೆ. ಪರೀಕ್ಷೆಯ ಬ್ಲಾಟನ್ನು ಕತ್ತರಿಸಲೇಬಾರದು. ಶೇ. 5ರ ಕೆನೆರಹಿತ ಹಾಲಿನ ಪುಡಿಯಲ್ಲಿ ಒಂದು ಗಂಟೆ, ಪ್ರೈಮರಿ 1:1000ದಿಂದ ಆರಂಭಿಸಿ 4 ಡಿಗ್ರಿಯಲ್ಲಿ ರಾತ್ರಿಯಿಡೀ, ಟಿಬಿಎಸ್‌ಟಿಯಲ್ಲಿ 10 ನಿಮಿಷದಂತೆ ಮೂರು ಸಲ ತೊಳೆದು ಸೆಕೆಂಡರಿ 1:5000 ಒಂದು ಗಂಟೆ. 100 ಮೈಕ್ರೋಲೀಟರ್ ಸೀಸೆಯನ್ನು 1:1000ದಂತೆ ಬ್ಲಾಟಿಗೆ 10 ಮಿ.ಲೀ. ಬಳಸಿದರೆ ಹತ್ತೇ ಬ್ಲಾಟಿಗೆ ಮುಗಿಯಿತು. ಪ್ಲಾಸ್ಟಿಕ್ ಪೌಚ್‌ನಲ್ಲಿ ಗಾಳಿಗುಳ್ಳೆ ಇಲ್ಲದಂತೆ ಸೀಲ್ ಮಾಡಿದರೆ 5 ಮಿ.ಲೀ. ಸಾಕು, ಅಲ್ಲಿಗೆ ಇಪ್ಪತ್ತು ಬ್ಲಾಟ್. ಸೀಸೆಗೆ ಹತ್ತಾರು ಸಾವಿರ ರೂಪಾಯಿ ಕೊಡುವ ವಿಭಾಗಕ್ಕೆ ಇದು ಸಣ್ಣ ಉಳಿತಾಯವಲ್ಲ.

ದುರ್ಬಲಗೊಳಿಸಿದ ಪ್ರೈಮರಿಯನ್ನು ಮತ್ತೆ ಬಳಸಲು ಶೇ. 0.02 ಸೋಡಿಯಂ ಅಜೈಡ್ ಹಾಕಿ 4 ಡಿಗ್ರಿಯಲ್ಲಿಡುವ ರೂಢಿ ಇದೆ. ಪ್ರೈಮರಿಗೆ ಮಾತ್ರ ಇದು ಸರಿ. ಎಚ್‌ಆರ್‌ಪಿ ಎಂಬ ಕಿಣ್ವ ಜೋಡಿಸಿದ ಸೆಕೆಂಡರಿಗೆ ಅಜೈಡ್ ತಾಗಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ, ಬ್ಲಾಟ್ ಪೂರ್ತಿ ಖಾಲಿ. ಅಜೈಡ್ ವಿಷವೂ ಹೌದು. ತಾಮ್ರ, ಸೀಸದ ಪೈಪುಗಳಲ್ಲಿ ಶೇಖರವಾದರೆ ಸ್ಫೋಟಕ ಲವಣಗಳಾಗುತ್ತವೆ, ಸಿಂಕಿಗೆ ಸುರಿಯಬಾರದು.

ಕರಾವಳಿಯ ಹವೆ ಈ ಕೆಲಸಕ್ಕೆ ಒಡ್ಡುವ ಅಡ್ಡಿಗಳನ್ನು ಮಾಹಿತಿಪತ್ರಗಳು ಹೇಳುವುದಿಲ್ಲ. ಅವುಗಳಲ್ಲಿ ‘ಕೋಣೆಯ ಉಷ್ಣತೆ’ ಎಂದರೆ 20ರಿಂದ 25 ಡಿಗ್ರಿ. ಏಪ್ರಿಲ್-ಮೇ ಸೆಕೆಯಲ್ಲಿ ಎಸಿ ಇಲ್ಲದ ಕೋಣೆ 30 ದಾಟಿರುತ್ತದೆ. ಆ ಬಿಸಿಯಲ್ಲಿ ಜೆಲ್ ಹತ್ತು ನಿಮಿಷದೊಳಗೇ ಅಡ್ಡಾದಿಡ್ಡಿ ಗಟ್ಟಿಯಾಗಿ ಬ್ಯಾಂಡುಗಳು ಸೊಟ್ಟಗಾಗುತ್ತವೆ. ಪಿಡಿಐ ಮತ್ತು ಇಆರ್‌ಪಿ57 ಲೇನ್‌ಗಳನ್ನು ಅಕ್ಕಪಕ್ಕ ಹೋಲಿಸಬೇಕಾದ ಪರೀಕ್ಷೆಗೆ ಇದು ಮಾರಕ. ಅಕ್ರಿಲಮೈಡ್ ದ್ರಾವಣವನ್ನು ಫ್ರಿಜ್‌ನಲ್ಲಿ ತಣಿಸಿ, ಜೆಲ್ ಬೇಗ ಗಟ್ಟಿಯಾಗಿಸುವ ಟೆಮೆಡ್ ಅರ್ಧಕ್ಕಿಳಿಸಿ. ಮಳೆಗಾಲದಲ್ಲಿ ತೊಂದರೆ ಉಲ್ಟಾ: ತೇವ ಎಳೆದುಕೊಂಡ ಅಮೋನಿಯಂ ಪರ್‌ಸಲ್ಫೇಟ್ ಸತ್ತ್ವ ಕಳೆದುಕೊಂಡು ಜೆಲ್ ಗಟ್ಟಿಯಾಗುವುದೇ ಇಲ್ಲ. ಅದನ್ನೂ ಡಿಟಿಟಿ ಪುಡಿಯನ್ನೂ ಸಿಲಿಕಾ ಜೆಲ್ ಇಟ್ಟ ಡೆಸಿಕೇಟರ್‌ನಲ್ಲಿಡಬೇಕು. ಹಾಲಿನ ಪುಡಿ ತೇವಕ್ಕೆ ಗಂಟುಗಟ್ಟಿದರೆ ಸೋಸದೆ ಬಳಸಬಾರದು, ಹಾಳೆಯ ತುಂಬ ಕಪ್ಪು ಚುಕ್ಕೆ ಬೀಳುತ್ತದೆ. ಫ್ರೀಜರಿನಿಂದ ತೆಗೆದ ಸೀಸೆಯ ಮೇಲೆ ಕ್ಷಣದಲ್ಲಿ ನೀರು ಹನಿಗಟ್ಟುತ್ತದೆ. ಒರೆಸಿ, ಒಂದೆರಡು ಸೆಕೆಂಡು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಆಮೇಲೆ ಮುಚ್ಚಳ ತೆರೆಯಬೇಕು.

ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಿ, ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇಲ್ಲಿ ಹೊಸತಲ್ಲ. ಶೇ. 50 ಗ್ಲಿಸರಾಲ್‌ನಲ್ಲಿರುವ ಆಂಟಿಬಾಡಿ ಮೈನಸ್ 20ರಲ್ಲಿ ಹೆಪ್ಪುಗಟ್ಟುವುದಿಲ್ಲ, ಕೆಲವು ಗಂಟೆ ಬಿಸಿ ಏರಿದರೂ ಹೆದರಬೇಕಾಗಿಲ್ಲ. ಗ್ಲಿಸರಾಲ್ ಇಲ್ಲದ್ದನ್ನು ಬಂದ ದಿನವೇ 10 ಮೈಕ್ರೋಲೀಟರ್‌ಗಿಂತ ಕಡಿಮೆಯಾಗದಂತೆ ಸಣ್ಣ ಟ್ಯೂಬುಗಳಿಗೆ ಹಂಚಿಡಬೇಕು. ಅದಕ್ಕಿಂತ ಕಡಿಮೆಯಾದರೆ ಟ್ಯೂಬಿನ ಗೋಡೆಗೆ ಅಂಟಿಯೂ ಆವಿಯಾಗಿಯೂ ಬಹುಪಾಲು ನಷ್ಟವಾಗುತ್ತದೆ. ಮಂಜು ತಾನಾಗಿ ಕರಗಿಸುವ ಫ್ರಾಸ್ಟ್‌ಫ್ರೀ ಫ್ರೀಜರು ಅಡುಗೆಮನೆಗೆ ಅನುಕೂಲ, ಆಂಟಿಬಾಡಿಗೆ ಅಪಾಯ. ಅದರೊಳಗೆ ಉಷ್ಣತೆ ಮತ್ತೆ ಮತ್ತೆ ಏರಿಳಿದು, ಕರೆಂಟ್ ಹೋಗದಿದ್ದರೂ ಹೆಪ್ಪು ಕರಗಿ ಗಟ್ಟುತ್ತಲೇ ಇರುತ್ತದೆ. ಹೀಗೆ ಆದ ಆಂಟಿಬಾಡಿ ಗುಂಪುಗಟ್ಟಿ ಹಿನ್ನೆಲೆಯೆಲ್ಲ ಕಪ್ಪಾಗುತ್ತದೆ. ಎಸೆಯುವ ಮೊದಲು 4 ಡಿಗ್ರಿಯಲ್ಲಿ 10,000 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು ಮೇಲೆ ಹೇಳಿದ ನಾಲ್ಕು ಲೇನ್‌ಗಳಲ್ಲಿ ಒಮ್ಮೆ ನೋಡಬಹುದು. ಬೆಂಗಳೂರಿನಿಂದ ರಸ್ತೆಯಲ್ಲಿ ಬರುವ ಪಾರ್ಸೆಲ್ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ದಾರಿಯಲ್ಲೇ ಉಳಿಯುತ್ತದೆ. ವರ್ಷದ ಆಂಟಿಬಾಡಿ ಆರ್ಡರನ್ನು ಮೇ ಒಳಗೆ ಮುಗಿಸುವುದು ಲೇಸು. ಬಂದಾಗ ಜೆಲ್ ಪ್ಯಾಕ್ ತಣ್ಣಗಿತ್ತೇ, ಕರಗಿತ್ತೇ ಎಂದು ಲಾಟ್ ಸಂಖ್ಯೆಯ ಜೊತೆ ಬರೆದಿಡಬೇಕು.

ಮೀನಿನ ಮೇಲೆ ಕೆಲಸ ಮಾಡುವವರಿಗೆ ಒಂದು ಮಾತು. ಬಂಗುಡೆ, ಬೂತಾಯಿಗಳ ಅಂಗಾಂಶಕ್ಕೆ ಮಾನವ ಪಿಡಿಐ ವಿರುದ್ಧದ ಆಂಟಿಬಾಡಿ ಬಳಸುವ ಮೊದಲು, ಅದನ್ನು ತಯಾರಿಸಲು ಬಳಸಿದ ತುಣುಕಿನ ಸಾಲನ್ನು ಮೀನಿನ ಪ್ರೋಟೀನ್ ಸಾಲಿನ ಪಕ್ಕದಲ್ಲಿಟ್ಟು ನೋಡಬೇಕು. ಸಕ್ರಿಯ ತಾಣದ ಭಾಗ ಮೀನಿನಲ್ಲೂ ಹೆಚ್ಚು ಬದಲಾಗಿಲ್ಲ, ಆದ್ದರಿಂದ ಆ ಭಾಗದ ಆಂಟಿಬಾಡಿ ಮೀನಿನಲ್ಲೂ ಕೆಲಸ ಮಾಡೀತು; ಆದರೆ ಇಆರ್‌ಪಿ57 ಜೊತೆ ಗೊಂದಲವಾಗುವ ಭಾಗವೂ ಅದೇ. ಮಾಂಸದ ತುಂಡಿಗಿಂತ ಮೀನಿನ ಯಕೃತ್ತಿನಿಂದ ಆರಂಭಿಸುವುದು ಒಳ್ಳೆಯದು, ಅಲ್ಲಿ ಪಿಡಿಐ ಹೆಚ್ಚು.

ಬ್ಲಾಟ್ ಸರಿಯಾಗಿ ಬಂದ ಮೇಲೂ ಅದು ಹೇಳದ ಸಂಗತಿಗಳಿವೆ. ಪಿಡಿಐ ಎಷ್ಟಿದೆ ಎಂದು ಹೇಳುತ್ತದೆ, ಕೆಲಸ ಮಾಡುತ್ತಿದೆಯೇ ಎಂದು ಹೇಳುವುದಿಲ್ಲ. ಬ್ಯಾಂಡ್ ದಪ್ಪವಾದದ್ದನ್ನೇ ನೋಡಿ ‘ಕಿಣ್ವದ ಚಟುವಟಿಕೆ ಹೆಚ್ಚಿತು’ ಎಂದು ಬರೆದ ವಾಕ್ಯವನ್ನು ಮಾರ್ಗದರ್ಶಕರು ಹೊಡೆದುಹಾಕಬೇಕು. ಚಟುವಟಿಕೆ ಬೇಕಾದರೆ ಇನ್ಸುಲಿನ್ ಪರೀಕ್ಷೆ ಇದೆ: ಡಿಟಿಟಿ ಇರುವಾಗ ಪಿಡಿಐ ಇನ್ಸುಲಿನ್ನಿನ ಎರಡು ಸರಪಳಿಗಳ ನಡುವಿನ ಬಂಧ ಬಿಡಿಸುತ್ತದೆ, ಬಿಡಿಯಾದ ಬಿ ಸರಪಳಿ ಒತ್ತರಿಸಿ ದ್ರಾವಣ ಮಸುಕಾಗುತ್ತದೆ, 650 ನ್ಯಾನೋಮೀಟರ್‌ನಲ್ಲಿ ಅದನ್ನು ನಿಮಿಷ ನಿಮಿಷಕ್ಕೆ ಅಳೆಯಬಹುದು. ಡಿಟಿಟಿ ಒಂದೇ ನಿಧಾನವಾಗಿ ಅದನ್ನೇ ಮಾಡುವುದರಿಂದ ಕಿಣ್ವವಿಲ್ಲದ ಕಂಟ್ರೋಲ್ ಕಡ್ಡಾಯ. ಕಚ್ಚಾ ಲೈಸೇಟ್‌ನಲ್ಲಿ ಇದೇ ಕೆಲಸ ಮಾಡುವ ಥಯೊರೆಡಾಕ್ಸಿನ್‌ನಂಥ ಬೇರೆ ಪ್ರೋಟೀನುಗಳೂ ಇರುವುದರಿಂದ ಅಲ್ಲಿಯೂ ಎಚ್ಚರ ಬೇಕು. ಹಾಗೆಯೇ ಟ್ಯೂನಿಕಾಮೈಸಿನ್ ಕೊಟ್ಟು ರೆಟಿಕ್ಯುಲಮ್‌ಗೆ ಒತ್ತಡ ತಂದಾಗ ಜಿಆರ್‌ಪಿ78 ಜೋರಾಗಿ ಏರುತ್ತದೆ, ಪಿಡಿಐ ಏರುವುದು ಅಲ್ಪ. ಪಿಡಿಐ ಹತ್ತು ಪಟ್ಟು ಏರಿತು ಎಂಬ ಫಲಿತಾಂಶ ಬಂದರೆ ಸಂಭ್ರಮಿಸುವ ಮೊದಲು ಆಂಟಿಬಾಡಿಯನ್ನು ಅನುಮಾನಿಸಬೇಕು.

ಕೋಶಗಳನ್ನು ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವವರು ಬ್ಲಾಟ್‌ನಲ್ಲಿ ಗೆದ್ದ ಆಂಟಿಬಾಡಿಯನ್ನೇ ಹಾಗೇ ನಂಬುವಂತಿಲ್ಲ. ಬ್ಲಾಟ್‌ನಲ್ಲಿ ಪ್ರೋಟೀನ್ ಬಿಚ್ಚಿಕೊಂಡಿರುತ್ತದೆ, ಕೋಶದಲ್ಲಿ ಮಡಚಿಕೊಂಡಿರುತ್ತದೆ. ಅಡಗಿಸಿದ ಕೋಶಗಳಲ್ಲಿ ಬೆಳಕು ಕುಗ್ಗುತ್ತದೆಯೇ ಎಂದು ಅಲ್ಲಿಯೂ ಬೇರೆಯಾಗಿ ನೋಡಬೇಕು. ನ್ಯೂಕ್ಲಿಯಸ್ ಸುತ್ತ ಬಲೆಯಂತೆ ಹರಡಿದ ಬೆಳಕು ಪಿಡಿಐ ಲಕ್ಷಣ. ನ್ಯೂಕ್ಲಿಯಸ್ಸೇ ಬೆಳಗುತ್ತಿದ್ದರೆ ಆಂಟಿಬಾಡಿ ಬೇರೇನನ್ನೋ ಹಿಡಿದಿದೆ ಎಂದು ಮೊದಲು ಭಾವಿಸಬೇಕು. ಕೋಶದ ಪೊರೆಯಲ್ಲಿ ತೂತು ಮಾಡುವ ಟ್ರೈಟನ್ ಹಾಕದಿದ್ದರೆ ಆಂಟಿಬಾಡಿ ಒಳಗೇ ಹೋಗುವುದಿಲ್ಲ.

ಇಷ್ಟನ್ನೂ ಒಬ್ಬ ವಿದ್ಯಾರ್ಥಿ, ಆರು ತಿಂಗಳ ಪ್ರಾಜೆಕ್ಟ್‌ನಲ್ಲಿ, ತನ್ನ ವಿಭಾಗದ ಅನುದಾನದಲ್ಲಿ ಮಾಡಬೇಕು ಎಂದರೆ ಅದು ಅನ್ಯಾಯ. ಎರಡು ಶುದ್ಧ ಪ್ರೋಟೀನುಗಳು, ಎಸ್‌ಐಆರ್‌ಎನ್‌ಎ, ಕೋಶ ಬೆಳೆಸುವ ಸೌಲಭ್ಯ ಎಲ್ಲರ ಬಳಿಯೂ ಇರುವುದಿಲ್ಲ. ಆದರೆ ಕೊಣಾಜೆಯೂ ದೇರಳಕಟ್ಟೆಯೂ ಅಕ್ಕಪಕ್ಕದ ಊರು, ಮಣಿಪಾಲಕ್ಕೆ ಹೆದ್ದಾರಿ 66ರಲ್ಲಿ ಐಸ್ ಡಬ್ಬಿಯೊಂದಿಗೆ ಅರ್ಧ ದಿನದಲ್ಲಿ ಹೋಗಿಬರಬಹುದು. ಕೋಶ ಬೆಳೆಸುವ ಸೌಲಭ್ಯವಿರುವ ಒಂದು ಸಂಸ್ಥೆ ವರ್ಷಕ್ಕೊಮ್ಮೆ ಪಿಡಿಐ ಇರುವ ಮತ್ತು ಅಡಗಿಸಿದ ಲೈಸೇಟುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ, ಲೆಮ್ಲಿ ಬಫರ್‌ನಲ್ಲಿ ಕುದಿಸಿ, 50 ಮೈಕ್ರೋಲೀಟರ್‌ನಂತೆ ಹಂಚಿ ಮೈನಸ್ 80ರಲ್ಲಿಟ್ಟರೆ ಎರಡೂ ಜಿಲ್ಲೆಗಳ ಅಗತ್ಯಕ್ಕೆ ಸಾಲುತ್ತದೆ. ಪಿಡಿಐ, ಇಆರ್‌ಪಿ57 ಶುದ್ಧ ಪ್ರೋಟೀನುಗಳ ಒಂದೊಂದು ಸೀಸೆ ನೂರಾರು ಲೇನ್‌ಗಳಿಗೆ ಬರುತ್ತದೆ. ತಲಾ 20 ನ್ಯಾನೋಗ್ರಾಂ ಲೆಕ್ಕದಲ್ಲಿ 10 ಮೈಕ್ರೋಗ್ರಾಂ ಅಂದರೆ 500 ಲೇನ್. ಆಂಟಿಬಾಡಿ ಕೊಳ್ಳುವಾಗಲೂ ಮೊದಲು 20 ಮೈಕ್ರೋಲೀಟರ್‌ನ ಮಾದರಿ ಸೀಸೆ ಸಿಗುತ್ತದೆಯೇ ಎಂದು ಕೇಳಿ, ಗೆದ್ದರೆ ಮಾತ್ರ ಅದೇ ಲಾಟ್‌ನ ದೊಡ್ಡ ಸೀಸೆ ತರಿಸಬೇಕು.

ವಿಶ್ವವಿದ್ಯಾಲಯಗಳು ಮಾಡಬೇಕಾದದ್ದು ಇದಕ್ಕಿಂತಲೂ ಸುಲಭ, ಖರ್ಚೂ ಇಲ್ಲ. ಪ್ರಬಂಧ ಸಲ್ಲಿಕೆಯ ನಿಯಮಗಳಿಗೆ ಒಂದು ಪುಟ ಸೇರಿಸಲಿ: ಬಳಸಿದ ಪ್ರತಿ ಆಂಟಿಬಾಡಿಯ ಕ್ಲೋನ್, ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ, ಆರ್‌ಆರ್‌ಐಡಿ (ಸಂಶೋಧನಾ ಸಾಮಗ್ರಿಯ ಗುರುತಿನ ಸಂಖ್ಯೆ), ಎಷ್ಟು ದುರ್ಬಲಗೊಳಿಸಿದ್ದು, ಯಾವ ಕಂಟ್ರೋಲ್‌ಗಳಿಂದ ಖಾತ್ರಿಪಡಿಸಿದ್ದು, ಕತ್ತರಿಸದ ಪೂರ್ಣ ಬ್ಲಾಟಿನ ಚಿತ್ರ. ಮೌಖಿಕ ಪರೀಕ್ಷೆಗೆ ಬರುವ ಪರೀಕ್ಷಕರು ಆ ಪುಟವನ್ನೇ ಮೊದಲು ತೆರೆಯಲಿ. ಮುಂದಿನ ಶೈಕ್ಷಣಿಕ ವರ್ಷದ ಪ್ರಾಜೆಕ್ಟ್ ಹಂಚಿಕೆಗೆ ಮುನ್ನ ಎರಡೂ ಜಿಲ್ಲೆಗಳ ಜೀವವಿಜ್ಞಾನ ವಿಭಾಗಗಳ ಮುಖ್ಯಸ್ಥರು ಒಮ್ಮೆ ಕೂತು, ಲೈಸೇಟ್ ಯಾರು ತಯಾರಿಸುವುದು, ಮೈನಸ್ 80ರ ಫ್ರೀಜರಿನಲ್ಲಿ ಯಾರು ಜಾಗ ಕೊಡುವುದು ಎಂಬೆರಡನ್ನು ತೀರ್ಮಾನಿಸಬೇಕೆಂದು ಕೋರುತ್ತೇವೆ.

— ಜೀವವಿಜ್ಞಾನ ಪ್ರಯೋಗಾಲಯಗಳ ಕೆಲವು ತಂತ್ರಜ್ಞರು ಮತ್ತು ಸಂಶೋಧಕರು, ಮಂಗಳೂರು